ಕಾಯಿಲೆಯಿಲ್ಲದ ಕೋಳಿಯನ್ನೂ ಕೊಲ್ಲುವುದು ಸರಿಯೇ?

ಪ್ರಶ್ನೆ: ಪಕ್ಕದ ಹಳ್ಳಿಯಲ್ಲಿ ಹಕ್ಕಿ ಜ್ವರ ಪತ್ತೆಯಾಯಿತೆಂದು ಒಂದು ತಂಡ ನಮ್ಮ ಮನೆಗೂ ಬಂದು ಹಿತ್ತಲಿನ 18 ನಾಟಿ ಕೋಳಿಗಳನ್ನು ಹಿಡಿದು ಕೊಂದುಹಾಕಿತು. ಅವುಗಳಲ್ಲಿ ಒಂದಕ್ಕೂ ಕಾಯಿಲೆ ಇರಲಿಲ್ಲ. ಬಂದವರು ಯಾಕೆ ಏನು ಎಂದು ಹೇಳಲಿಲ್ಲ, ಪರಿಹಾರ ಇನ್ನೂ ಕೈಸೇರಿಲ್ಲ. ಆ ಕೋಳಿಗಳ ಮೊಟ್ಟೆ ಮಾರಿ ಬಂದ ಹಣವೇ ನಮ್ಮ ಅತ್ತೆಯ ಕೈಖರ್ಚಿಗೆ ಆಧಾರವಾಗಿತ್ತು. ಹಸುವಿಗೆ ಕಾಲುಬಾಯಿ ರೋಗ ಬಂದರೆ ಲಸಿಕೆ ಹಾಕುತ್ತೀರಿ, ಔಷಧಿ ಕೊಡುತ್ತೀರಿ. ಕೋಳಿಗೆ ಮಾತ್ರ ಏಕೆ ಸಾವು? ವಿದೇಶಗಳಲ್ಲಿ ಹಸು, ಹಂದಿಗಳನ್ನೂ ಹೀಗೆಯೇ ಲಕ್ಷಗಟ್ಟಲೆ ಕೊಲ್ಲುತ್ತಾರಂತೆ. ಡಾಕ್ಟರೇ, ಇದು ನಿಜವಾಗಿಯೂ ಅಗತ್ಯವೇ?

ಉತ್ತರ: ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣಗಳನ್ನು ಆಮೇಲೆ ವಿವರಿಸುತ್ತೇನೆ. ನಿಮ್ಮ ಕೋಳಿಗಳನ್ನು ಕೊಂದದ್ದು ಇಂದಿನ ಪರಿಸ್ಥಿತಿಯಲ್ಲಿ ಸರಿಯಾದ ಕ್ರಮ. ನಿಮಗೆ ಏನನ್ನೂ ತಿಳಿಸದೆ ಕೊಂದದ್ದು, ಪರಿಹಾರಕ್ಕಾಗಿ ಕಾಯಿಸುತ್ತಿರುವುದು ತಪ್ಪು. ಎರಡೂ ಕಡೆಯವರನ್ನು ಸಮಾಧಾನಪಡಿಸಲು ಹೀಗೆ ಹೇಳುತ್ತಿಲ್ಲ. ತಿಳಿಸುವುದು, ಪರಿಹಾರ ಕೊಡುವುದು ತಪ್ಪಿದರೆ ಕೊಲ್ಲುವುದರಿಂದಲೂ ಪ್ರಯೋಜನವಾಗುವುದಿಲ್ಲ. ಜಾನುವಾರು ರೋಗಗಳ ಸಮೀಕ್ಷೆಯಲ್ಲೇ ವೃತ್ತಿಜೀವನ ಕಳೆದ ನನಗೆ ಇದು ಚೆನ್ನಾಗಿ ಮನವರಿಕೆಯಾಗಿದೆ.

ಹಕ್ಕಿ ಜ್ವರ ತರುವ ಎಚ್5ಎನ್1 ವೈರಸ್ ಕೋಳಿಗೆ ತಗುಲಿದರೆ ಏನಾಗುತ್ತದೆ ಎಂಬುದರಿಂದ ಆರಂಭಿಸೋಣ. ಜುಟ್ಟು ನೀಲಿಗಟ್ಟುತ್ತದೆ, ಮುಖ ಊದಿಕೊಳ್ಳುತ್ತದೆ, ಕಾಲಿನ ಚರ್ಮದಡಿ ರಕ್ತಸ್ರಾವವಾಗಿ ಕೆಂಪು ಕಲೆಗಳು ಕಾಣಿಸುತ್ತವೆ. ಎಷ್ಟೋ ಸಲ ಇದ್ಯಾವುದೂ ಕಣ್ಣಿಗೆ ಬೀಳುವ ಮೊದಲೇ, ಬೆಳಿಗ್ಗೆ ಗೂಡಿನ ಬಾಗಿಲು ತೆರೆದಾಗ ನಾಲ್ಕೈದು ಸತ್ತು ಬಿದ್ದಿರುತ್ತವೆ. ಸೋಂಕು ಹೊಕ್ಕ ಹಿಂಡಿನಲ್ಲಿ ನೂರಕ್ಕೆ ತೊಂಬತ್ತು, ಕೆಲವೊಮ್ಮೆ ನೂರಕ್ಕೆ ನೂರು ಕೋಳಿಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ. ಇದಕ್ಕೆ ಕೋಳಿಗೆ ಕೊಡಬಹುದಾದ ಔಷಧಿ ಇಲ್ಲ. ಸಾಯುವ ಮೊದಲು ಪ್ರತಿಯೊಂದು ಕೋಳಿಯೂ ಹಿಕ್ಕೆಯಲ್ಲಿ, ಜೊಲ್ಲಿನಲ್ಲಿ, ಉಸಿರಿನಲ್ಲಿ ವಿಪರೀತ ಪ್ರಮಾಣದ ವೈರಸ್ಸನ್ನು ಹೊರಹಾಕುತ್ತದೆ. ಲಕ್ಷಣ ಕಾಣಿಸಿಕೊಳ್ಳುವ ಮೊದಲೇ ಇದು ಶುರುವಾಗಿರುತ್ತದೆ. ಆ ಹಿಕ್ಕೆ ಚಪ್ಪಲಿಗೆ, ಮೊಟ್ಟೆಯ ಟ್ರೇಗೆ, ವ್ಯಾಪಾರಿಯ ಬುಟ್ಟಿಗೆ, ಮೇವು ತರುವ ಗಾಡಿಯ ಚಕ್ರಕ್ಕೆ ಅಂಟಿ ಊರೂರು ತಿರುಗುತ್ತದೆ.

ಹಾಗಾಗಿ ಸೋಂಕು ತಗುಲಿದ ಹಿಂಡಿನ ಮಟ್ಟಿಗೆ ಕೋಳಿಗಳನ್ನು ಉಳಿಸುವ ಆಯ್ಕೆಯೇ ನಮ್ಮ ಮುಂದಿಲ್ಲ. ಅವು ರೋಗ ಹರಡಿ ಸಾಯಬೇಕೋ, ಹರಡುವ ಮೊದಲು ಸಾಯಬೇಕೋ ಎಂಬುದಷ್ಟೇ ನಮ್ಮ ಕೈಯಲ್ಲಿರುತ್ತದೆ. ರೋಗ ದೃಢಪಟ್ಟ ಶೆಡ್ಡಿನ ಕೋಳಿಗಳನ್ನು ಕೊಲ್ಲುವ ಬಗ್ಗೆ ನನಗೆ ಎಂದೂ ಅನುಮಾನ ಇರಲಿಲ್ಲ.

ನಿಮ್ಮ ಮನೆಯ ಪ್ರಶ್ನೆ ಇದಕ್ಕಿಂತ ಕಷ್ಟದ್ದು, ಏಕೆಂದರೆ ರೋಗ ಇದ್ದದ್ದು ಪಕ್ಕದ ಹಳ್ಳಿಯಲ್ಲಿ. ನಮ್ಮ ದೇಶದ ನಿಯಮದಂತೆ ರೋಗ ಪತ್ತೆಯಾದ ಜಾಗದಿಂದ ಸುತ್ತಲೂ ಒಂದು ಕಿಲೋಮೀಟರ್ ದೂರದೊಳಗಿನ ಸಾಕಿದ ಹಕ್ಕಿಗಳನ್ನೆಲ್ಲ ಕೊಲ್ಲಬೇಕು; ಅಲ್ಲಿಂದ ಹತ್ತು ಕಿಲೋಮೀಟರ್‌ವರೆಗೆ ಕೊಲ್ಲದೆ ಮಾದರಿಗಳನ್ನು ತೆಗೆದು ನಿಗಾ ಇಡಬೇಕು. ನಿಮ್ಮ 18 ಕೋಳಿಗಳಲ್ಲಿ ಬಹುಶಃ ಒಂದಕ್ಕೂ ಸೋಂಕು ತಗುಲಿರಲಿಕ್ಕಿಲ್ಲ. ಅವು ಸತ್ತದ್ದು ಸಂಭವನೀಯತೆಯ ಲೆಕ್ಕಾಚಾರದಿಂದ. ಬಣವೆಗೆ ಬೆಂಕಿ ಬಿದ್ದಾಗ ಪಕ್ಕದ ಬಣವೆಯನ್ನು ಎಳೆದು ಚೆಲ್ಲುತ್ತೇವಲ್ಲ, ಅಂಥ ಕೆಲಸ ಇದು. ಚೆಲ್ಲಿಸಿಕೊಂಡ ಬಣವೆಯ ಯಜಮಾನ ಯಾವ ತಪ್ಪನ್ನೂ ಮಾಡಿರುವುದಿಲ್ಲ, ಊರಿಗಾಗಿ ಕಳೆದುಕೊಂಡಿರುತ್ತಾನೆ. ಊರು ಅವನಿಗೆ ಋಣಿಯಾಗಿರಬೇಕು. ಪರಿಹಾರ ಎಂಬುದು ದಾನವಲ್ಲ, ಸಾಲದ ಮರುಪಾವತಿ ಎಂದು ನಾನು ವಾದಿಸುವುದು ಇದೇ ಕಾರಣಕ್ಕೆ.

ಒಂದು ಕಿಲೋಮೀಟರೇ ಏಕೆ, ಅರ್ಧ ಏಕಲ್ಲ ಎಂದು ನೀವು ಕೇಳಬಹುದು. ಅದು ಪ್ರಕೃತಿ ಎಳೆದ ಗೆರೆಯಲ್ಲ, ಮನುಷ್ಯರು ಅನುಭವದಿಂದ ಎಳೆದದ್ದು. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನಂದೂರ್‌ಬಾರ್ ಜಿಲ್ಲೆಯ ನವಾಪುರದಲ್ಲಿ ಭಾರತದ ಮೊದಲ ಹಕ್ಕಿ ಜ್ವರ ಪತ್ತೆಯಾದಾಗ ಇದಕ್ಕಿಂತ ದೊಡ್ಡ ವೃತ್ತ ಹಾಕಿ ಕೊಲ್ಲಲಾಯಿತು. ಅನುಭವ ಬಂದಂತೆ ವೃತ್ತ ಕಿರಿದಾಯಿತು. ಹಿತ್ತಲಿನ ಕೋಳಿಗಳಿರುವ ಹಳ್ಳಿಗಳಲ್ಲಿ ಈ ಎಚ್ಚರ ಬೇಕೇ ಬೇಕು ಎಂದು ನನಗನ್ನಿಸುತ್ತದೆ. ನಾಟಿ ಕೋಳಿಗೆ ಬೇಲಿಯಿಲ್ಲ. ಅದು ಪಕ್ಕದ ಮನೆಯ ತಿಪ್ಪೆ ಕೆದಕುತ್ತದೆ, ಚರಂಡಿಯ ನೀರು ಕುಡಿಯುತ್ತದೆ, ಕೆರೆಯಂಚಿನಲ್ಲಿ ಬಾತುಗಳ ಜೊತೆ ಮೇಯುತ್ತದೆ. ಬಾತುಗಳು ಈ ವೈರಸ್ಸನ್ನು ಯಾವ ಲಕ್ಷಣವನ್ನೂ ತೋರದೆ ಹೊತ್ತು ತಿರುಗಬಲ್ಲವು.

ಕೊಲ್ಲುವ ನಿರ್ಧಾರದ ಹಿಂದಿರುವ ದೊಡ್ಡ ಭಯ ರೋಗ ಮನುಷ್ಯರಿಗೂ ದಾಟೀತು ಎಂಬುದು. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಈ ವೈರಸ್ ಮೊದಲ ಬಾರಿಗೆ ಕೋಳಿಯಿಂದ ಮನುಷ್ಯನಿಗೆ ದಾಟಿತು. 18 ಜನರಿಗೆ ಸೋಂಕು ತಗುಲಿ 6 ಮಂದಿ ಸತ್ತರು. ಜೀವಂತ ಕೋಳಿ ಮಾರುವ ಮಾರುಕಟ್ಟೆಗಳೇ ಮೂಲ ಎಂದು ಗೊತ್ತಾದ ಮೇಲೆ ಡಿಸೆಂಬರ್ ಕೊನೆಯಲ್ಲಿ ಕೆಲವೇ ದಿನಗಳೊಳಗೆ ನಗರದ ಹತ್ತು ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಲ್ಲಲಾಯಿತು. ಆ ಸರಣಿಯ ಮಾನವ ಸೋಂಕು ಅಲ್ಲಿಗೇ ನಿಂತಿತು. 2003ರಿಂದ ಈಚೆಗೆ ಜಗತ್ತಿನಲ್ಲಿ ವರದಿಯಾದ 900ಕ್ಕೂ ಹೆಚ್ಚು ಎಚ್5ಎನ್1 ಮಾನವ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟು ಜನ ಬದುಕುಳಿಯಲಿಲ್ಲ. ಭಾರತದಲ್ಲಿ ಮೊದಲ ಸಾವು 2021ರಲ್ಲಿ ಆಯಿತು, ಹರಿಯಾಣದ ಬಾಲಕನೊಬ್ಬನದು. ಇದು ಇನ್ನೂ ಮನುಷ್ಯರಿಂದ ಮನುಷ್ಯರಿಗೆ ಸಲೀಸಾಗಿ ಹರಡುವ ವೈರಸ್ ಅಲ್ಲ. ಹಾಗೆ ಆಗಲು ಅದಕ್ಕೆ ಬೇಕಾಗಿರುವುದು ಅವಕಾಶ. ಸೋಂಕಿತ ಕೋಳಿ, ಅದನ್ನು ಹಿಡಿಯುವ ಕೈ, ಇವು ಎಷ್ಟು ಹೆಚ್ಚು ಸಲ ಸೇರುತ್ತವೆಯೋ ಅಷ್ಟು ಅವಕಾಶ. (ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆಯಿಂದ ರೋಗ ಬರುವುದಿಲ್ಲ. 70 ಡಿಗ್ರಿ ಶಾಖಕ್ಕೆ ಈ ವೈರಸ್ ಉಳಿಯದು. ಪ್ರತಿ ಸಲವೂ ಇದನ್ನು ಹೇಳಲೇಬೇಕಾಗುತ್ತದೆ.)

ಪ್ರಾಣಿಗಳಿಂದ ಮನುಷ್ಯರಿಗೆ ದಾಟುವ ಇನ್ನೊಂದು ವೈರಸ್ ನಿಪಾ. ಅದರ ಹೆಸರನ್ನು ಕನ್ನಡಿಗರು ಕೇಳಿದ್ದು ಹೆಚ್ಚಾಗಿ 2018ರಲ್ಲಿ, ಕೇರಳದ ಸುದ್ದಿಯಿಂದ. ಅದು ಮೊದಲು ಕಾಣಿಸಿಕೊಂಡದ್ದು 1998ರಲ್ಲಿ ಮಲೇಷ್ಯಾದ ಹಂದಿ ಸಾಕಣೆ ಕೇಂದ್ರಗಳಲ್ಲಿ. ಹಂದಿ ಕೊಟ್ಟಿಗೆಯ ಪಕ್ಕದಲ್ಲೇ ಹಣ್ಣಿನ ಮರಗಳಿದ್ದವು; ಬಾವಲಿ ಕಚ್ಚಿ ಬೀಳಿಸಿದ ಹಣ್ಣು ಹಂದಿಯ ಬಾಯಿಗೆ, ಹಂದಿಯಿಂದ ಸಾಕುವವರಿಗೆ. ಮೊದಲಿಗೆ ಇದನ್ನು ಸೊಳ್ಳೆಯಿಂದ ಬರುವ ಜಪಾನೀಸ್ ಮೆದುಳು ಜ್ವರ ಎಂದು ತಿಳಿದು ಹೊಗೆ ಹೊಡೆದು, ಲಸಿಕೆ ಹಾಕಿ ತಿಂಗಳುಗಳನ್ನು ಕಳೆದರು. ಅಷ್ಟರಲ್ಲಿ ರೋಗದ ಹಂದಿಗಳು ಲಾರಿಗಳಲ್ಲಿ ಬೇರೆ ಊರುಗಳಿಗೆ ಹೋಗಿದ್ದವು. ಒಟ್ಟು 265 ಜನರಿಗೆ ಮೆದುಳು ಜ್ವರ ಬಂದು 105 ಮಂದಿ ಸತ್ತರು. ಹತ್ತು ಲಕ್ಷದಷ್ಟು ಹಂದಿಗಳನ್ನು ಕೊಂದ ಮೇಲೆ ರೋಗ ನಿಂತಿತು. ಅಲ್ಲಿನ ಕೊಲೆಯನ್ನು ನಾನು ಪೂರ್ಣ ಮನಸ್ಸಿನಿಂದ ಸಮರ್ಥಿಸುತ್ತೇನೆ. ಅದೇ ಕೆಲಸ ಕೆಲವು ತಿಂಗಳ ಮೊದಲು, ಕೆಲವೇ ಊರುಗಳಲ್ಲಿ ಆಗಬಹುದಿತ್ತು ಎಂಬ ದುಃಖವೂ ಇದೆ.

ಮನುಷ್ಯರ ಭಯ ಎಂದಾಕ್ಷಣ ಯಾವ ಹತ್ಯೆಯೂ ಸರಿಯಾಗಿಬಿಡುವುದಿಲ್ಲ. 2009ರಲ್ಲಿ ಎಚ್1ಎನ್1 ಜ್ವರ ಬಂದಾಗ ಪತ್ರಿಕೆಗಳು ಅದನ್ನು ಹಂದಿ ಜ್ವರ ಎಂದು ಕರೆದವು. ಅದು ಹರಡುತ್ತಿದ್ದದ್ದು ಮನುಷ್ಯರಿಂದ ಮನುಷ್ಯರಿಗೆ. ಆದರೂ ಈಜಿಪ್ಟ್ ಸರ್ಕಾರ ದೇಶದಲ್ಲಿದ್ದ ಸುಮಾರು ಮೂರು ಲಕ್ಷ ಹಂದಿಗಳನ್ನೂ ಕೊಲ್ಲಲು ಆದೇಶಿಸಿತು. ಇದರ ಅಗತ್ಯವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಕೈರೋ ನಗರದ ಕಸ ಎತ್ತುತ್ತಿದ್ದ ಜಬ್ಬಾಲೀನ್ ಎಂಬ ಬಡ ಕ್ರೈಸ್ತ ಸಮುದಾಯ ಹಸಿ ಕಸವನ್ನು ಹಂದಿಗಳಿಗೆ ತಿನ್ನಿಸಿ ಬದುಕುತ್ತಿತ್ತು. ಹಂದಿಗಳು ಹೋದವು, ಅವರ ಬದುಕು ಹೋಯಿತು, ಬೀದಿಗಳಲ್ಲಿ ಕಸ ಕೊಳೆಯಿತು. ಜ್ವರದ ಹಾದಿ ಎಳ್ಳಷ್ಟೂ ಬದಲಾಗಲಿಲ್ಲ. ಪ್ರಾಣಿಗಳನ್ನು ಕೊಂದರೆ ಸರ್ಕಾರ ಏನೋ ಮಾಡುತ್ತಿದೆ ಎಂದು ಜನರಿಗೆ ಕಾಣುತ್ತದೆ. ಈ ಕಾಣಿಸುವ ಆಸೆಗೆ ಬಲಿಯಾದ ಜೀವಗಳ ಬಗ್ಗೆ ನನಗೆ ಸಿಟ್ಟಿದೆ.

ಈಗ ಹಸುವಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯ ತಿರುಳು ಇಲ್ಲೇ ಇದೆ.

ಕಾಲುಬಾಯಿ ರೋಗ ಮನುಷ್ಯರಿಗೆ ಕಾಯಿಲೆ ತರುವುದಿಲ್ಲವೆಂದೇ ಹೇಳಬಹುದು. ದೊಡ್ಡ ಹಸುಗಳಲ್ಲಿ ಸಾಯುವವು ಕಡಿಮೆ, ಕರುಗಳು ಹೆಚ್ಚು ಸಾಯುತ್ತವೆ. ಉಳಿದ ಹಸುವಿನ ಹಾಲು ಇಳಿಯುತ್ತದೆ, ಗರ್ಭ ನಿಲ್ಲುವುದು ಕಷ್ಟವಾಗುತ್ತದೆ, ಎತ್ತು ಬಿಸಿಲಿನಲ್ಲಿ ತೇಕುತ್ತದೆ. ಆದರೆ ಅದು ಬದುಕುತ್ತದೆ. ಹಾಗಿರುವಾಗ 2001ರಲ್ಲಿ ಬ್ರಿಟನ್ 60 ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಏಕೆ ಕೊಂದಿತು?

ಆ ವರ್ಷದ ಫೆಬ್ರವರಿ 20ರಂದು ಎಸೆಕ್ಸ್‌ನ ಕಸಾಯಿಖಾನೆಯೊಂದರಲ್ಲಿ ಹಂದಿಗಳಿಗೆ ಕಾಲುಬಾಯಿ ರೋಗ ಇರುವುದು ದೃಢಪಟ್ಟಿತು. ಜಾಡು ಹಿಡಿದು ಹೋದಾಗ ಮೂಲ ಸಿಕ್ಕಿದ್ದು ದೂರದ ನಾರ್ತಂಬರ್ಲೆಂಡ್‌ನ ಹಂದಿ ಫಾರಂನಲ್ಲಿ. ಅಲ್ಲಿ ಸರಿಯಾಗಿ ಕುದಿಸದ ಎಂಜಲು ಮುಸುರೆಯನ್ನು ಹಂದಿಗಳಿಗೆ ಹಾಕುತ್ತಿದ್ದರು. ವೈರಸ್ ತಳಿ ಪ್ಯಾನ್‌ಏಷ್ಯಾ ಎಂಬುದು, 1990ರಲ್ಲಿ ಉತ್ತರ ಭಾರತದಲ್ಲಿ ಮೊದಲು ಗುರುತಿಸಲಾದದ್ದು. ಪ್ರಾಣಿಗಳ ಸಾಗಾಟಕ್ಕೆ ದೇಶವ್ಯಾಪಿ ತಡೆ ಹಾಕಿದ್ದು ಫೆಬ್ರವರಿ 23ಕ್ಕೆ. ಅಷ್ಟರೊಳಗೆ ಕುರಿ ಸಂತೆಗಳ ಮೂಲಕ 50ಕ್ಕೂ ಹೆಚ್ಚು ಫಾರಂಗಳಿಗೆ ರೋಗ ತಲುಪಿಯಾಗಿತ್ತು. ಕುರಿಗಳಲ್ಲಿ ಲಕ್ಷಣ ಎದ್ದು ಕಾಣುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ.

ಮಾರ್ಚ್ ಕೊನೆಯ ಹೊತ್ತಿಗೆ ಕಂಪ್ಯೂಟರ್ ಮಾದರಿಗಳ ಸಲಹೆಯಂತೆ ಹೊಸ ನಿಯಮ ಬಂತು: ರೋಗ ಇರುವ ಫಾರಂನ ಪ್ರಾಣಿಗಳನ್ನು 24 ಗಂಟೆಯೊಳಗೆ, ಅದಕ್ಕೆ ಬೇಲಿ ತಾಗಿಕೊಂಡಿರುವ ಎಲ್ಲ ಫಾರಂಗಳ ಪ್ರಾಣಿಗಳನ್ನು 48 ಗಂಟೆಯೊಳಗೆ ಕೊಲ್ಲಬೇಕು. ಪಕ್ಕದ ಫಾರಂ ಎಂದರೆ ನಡುವೆ ಗುಡ್ಡವಿದೆಯೇ, ನದಿಯಿದೆಯೇ, ದನಗಳು ಕೊಟ್ಟಿಗೆಯೊಳಗಿವೆಯೇ ಎಂದು ನೋಡುವ ಅಧಿಕಾರ ಸ್ಥಳೀಯ ಪಶುವೈದ್ಯನ ಕೈತಪ್ಪಿ ಹೋಯಿತು. ನಕಾಶೆಯಲ್ಲಿ ಗಡಿ ತಾಗಿದ್ದರೆ ಸಾಕಾಯಿತು. ಸೈನ್ಯ ಬಂತು. ಕಂಬ್ರಿಯಾದ ಗ್ರೇಟ್ ಆರ್ಟನ್ ಎಂಬಲ್ಲಿ ಹಳೆಯ ವಿಮಾನ ನೆಲೆಯಲ್ಲಿ ಕಂದಕ ತೋಡಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಹೂತರು. ಸತ್ತ ದನಗಳ ಚಿತೆಗಳು ಉರಿಯುವ ಚಿತ್ರಗಳನ್ನು ಜಗತ್ತು ನೋಡಿತು. ಮೇ ತಿಂಗಳಲ್ಲಿ ನಡೆಯಬೇಕೆಂದುಕೊಂಡಿದ್ದ ಸಾರ್ವತ್ರಿಕ ಚುನಾವಣೆ ಜೂನ್‌ಗೆ ಹೋಯಿತು.

ಏಪ್ರಿಲ್‌ನಲ್ಲಿ ಡೆವನ್‌ನ ಮೆಂಬರಿ ಎಂಬ ಹಳ್ಳಿಯಲ್ಲಿ ಹೀಗೆ ಕೊಂದ ಹಿಂಡಿನ ನಡುವೆ, ಸತ್ತ ತಾಯಿಯ ಪಕ್ಕದಲ್ಲಿ ಬಿಳಿ ಹೆಣ್ಣು ಕರುವೊಂದು ಐದು ದಿನಗಳ ನಂತರವೂ ಜೀವಂತವಾಗಿ ಸಿಕ್ಕಿತು. ಅದಕ್ಕೆ ಫೀನಿಕ್ಸ್ ಎಂದು ಹೆಸರಿಟ್ಟರು. ಅಧಿಕಾರಿಗಳು ಮತ್ತೆ ಕೊಲ್ಲಲು ಹೊರಟಾಗ ದೇಶವೇ ಎದ್ದು ನಿಂತಿತು, ಸರ್ಕಾರ ನಿಯಮವನ್ನು ಸಡಿಲಿಸಿತು. ಆ ಕರು ಉಳಿದದ್ದಕ್ಕೆ ನನಗೆ ಸಂತೋಷವಿದೆ. ಆದರೆ ಕರುವೊಂದರ ಫೋಟೋ ಬಂದ ದಿನವೇ ಸಡಿಲಿಸಬಹುದಾಗಿದ್ದ ನಿಯಮ ಅದರ ಹಿಂದಿನ ದಿನದವರೆಗೆ ಏಕೆ ಅನಿವಾರ್ಯವಾಗಿತ್ತು ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಿತ್ತು.

ಸೆಪ್ಟೆಂಬರ್ 30ರಂದು ಕೊನೆಯ ಪ್ರಕರಣ ದಾಖಲಾಗುವ ಹೊತ್ತಿಗೆ ರೋಗ ದೃಢಪಟ್ಟಿದ್ದು 2,026 ಕಡೆಗಳಲ್ಲಿ. ಸತ್ತ 60 ಲಕ್ಷದಲ್ಲಿ ದೊಡ್ಡ ಪಾಲಿಗೆ ರೋಗ ಇರಲೇ ಇಲ್ಲ. ಸುಮಾರು ಮೂರನೇ ಒಂದರಷ್ಟನ್ನು ಕೊಂದದ್ದು ರೋಗತಡೆಗೂ ಅಲ್ಲ. ಸಾಗಾಟದ ನಿಷೇಧದಿಂದಾಗಿ ಹುಲ್ಲಿಲ್ಲದ ಕೆಸರು ಗದ್ದೆಗಳಲ್ಲಿ ಸಿಕ್ಕಿಕೊಂಡು ನರಳುತ್ತಿದ್ದವೆಂದು. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಕಂಬ್ರಿಯಾದ ರೈತರು, ಪಶುವೈದ್ಯರು, ಕೊಲ್ಲುವ ಕೆಲಸಕ್ಕೆ ಹೋದ ಕೂಲಿಕಾರರಿಂದ ದಿನಚರಿ ಬರೆಯಿಸಿ ನೋಡಿದಾಗ ನಿದ್ದೆಗೇಡು, ದುಃಸ್ವಪ್ನ, ಆಡಳಿತದ ಮೇಲಿನ ಅಪನಂಬಿಕೆ ಬಹಳ ಕಾಲ ಉಳಿದುಕೊಂಡಿದ್ದವು.

ಲಸಿಕೆ ಆಗಲೂ ಇತ್ತು. ಏಕೆ ಹಾಕಲಿಲ್ಲ ಎಂದರೆ ವ್ಯಾಪಾರಕ್ಕಾಗಿ. ಲಸಿಕೆ ಹಾಕದೆಯೇ ರೋಗಮುಕ್ತವಾಗಿರುವ ದೇಶದ ಮಾಂಸಕ್ಕೆ, ಜಾನುವಾರಿಗೆ ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಹೆಚ್ಚಿನ ಬೆಲೆ. ರೋಗದ ಪ್ರಾಣಿಗಳನ್ನೆಲ್ಲ ಕೊಂದರೆ ಮೂರು ತಿಂಗಳಲ್ಲಿ ಆ ಸ್ಥಾನ ಮರಳುತ್ತಿತ್ತು; ಲಸಿಕೆ ಹಾಕಿ ಪ್ರಾಣಿಗಳನ್ನು ಬದುಕಲು ಬಿಟ್ಟರೆ ಆಗಿನ ನಿಯಮದಂತೆ ಹನ್ನೆರಡು ತಿಂಗಳು ಕಾಯಬೇಕಿತ್ತು. ಅದೇ ವರ್ಷ ನೆದರ್‌ಲೆಂಡ್ಸ್ ಸುಮಾರು ಎರಡು ಲಕ್ಷ ಪ್ರಾಣಿಗಳಿಗೆ ಲಸಿಕೆ ಹಾಕಿ ರೋಗವನ್ನು ಬೇಗ ಹಿಡಿದು ನಿಲ್ಲಿಸಿತು. ಆಮೇಲೆ ಈ ವ್ಯಾಪಾರದ ನಿಯಮಕ್ಕಾಗಿಯೇ ಲಸಿಕೆ ಹಾಕಿಸಿಕೊಂಡ ಪ್ರಾಣಿಗಳನ್ನೂ ಕೊಂದಿತು. ಇದನ್ನು ರೋಗ ನಿಯಂತ್ರಣ ಎನ್ನಲು ನನಗೆ ಮನಸ್ಸು ಬರುವುದಿಲ್ಲ. 2002ರಲ್ಲಿ ಹನ್ನೆರಡು ತಿಂಗಳನ್ನು ಆರಕ್ಕೆ ಇಳಿಸಲಾಯಿತು. ತುರ್ತು ಲಸಿಕೆಯನ್ನು ಮುಖ್ಯ ಅಸ್ತ್ರವಾಗಿ ಪರಿಗಣಿಸಬೇಕು ಎಂದು ಬ್ರಿಟನ್ನಿನ ರಾಯಲ್ ಸೊಸೈಟಿಯ ಸಮಿತಿಯೂ ಅದೇ ವರ್ಷ ಹೇಳಿತು.

ಬ್ರಿಟನ್ನಿನ ಬಗ್ಗೆ ನನ್ನ ತೀರ್ಮಾನ ಇಷ್ಟು. ರೋಗ ಇದ್ದ ಫಾರಂಗಳಲ್ಲಿ ಕೊಂದದ್ದು ಅಲ್ಲಿನ ಸ್ಥಿತಿಗೆ ಒಪ್ಪುವಂಥದ್ದು. ಬೇಲಿ ತಾಗಿದ್ದನ್ನೆಲ್ಲ ಕಣ್ಣುಮುಚ್ಚಿ ಕೊಂದದ್ದು ಸಮರ್ಥನೀಯವಲ್ಲ. ಆರು ವರ್ಷಗಳ ನಂತರ, 2007ರಲ್ಲಿ, ಸರ್ರೆಯ ಪಿರ್‌ಬ್ರೈಟ್ ಪ್ರಯೋಗಾಲಯದ ಆವರಣದ ಸೋರುವ ಚರಂಡಿಯಿಂದ ಅದೇ ರೋಗ ಮತ್ತೆ ಹೊರಬಿತ್ತು. ಈ ಸಲ ರೋಗ ಖಚಿತವಾದ ದಿನವೇ ದೇಶದಲ್ಲಿ ಪ್ರಾಣಿಗಳ ಸಾಗಾಟ ನಿಂತಿತು. ರೋಗ ಎಂಟು ಫಾರಂಗಳನ್ನು ದಾಟಲಿಲ್ಲ. 2001ರಲ್ಲಿ ಕಳೆದುಹೋದ ಆ ಮೂರು ದಿನಗಳ, ಅದಕ್ಕೂ ಮೊದಲು ಯಾರೂ ವರದಿ ಮಾಡದ ವಾರಗಳ ಬೆಲೆ ಎಷ್ಟಿತ್ತೆಂದು ಇದರಿಂದ ಅಳೆಯಬಹುದು. ಸಾಮೂಹಿಕ ಹತ್ಯೆಯ ಗಾತ್ರವನ್ನು ಬಹುಮಟ್ಟಿಗೆ ನಿರ್ಧರಿಸುವುದು ನಾವು ಎಷ್ಟು ತಡವಾಗಿ ಎಚ್ಚೆತ್ತೆವು ಎಂಬುದು. ರೋಗದ ಉಗ್ರತೆಯ ಪಾಲು ಅದಕ್ಕಿಂತ ಕಡಿಮೆ.

ಭಾರತ ಈ ದಾರಿ ಹಿಡಿಯಲಿಲ್ಲ, ಹಿಡಿಯುವುದು ಸಾಧ್ಯವೂ ಇರಲಿಲ್ಲ. 2019ರ ಗಣತಿಯಂತೆ ನಮ್ಮಲ್ಲಿ ದನ ಮತ್ತು ಎಮ್ಮೆಗಳು ಸೇರಿ 30 ಕೋಟಿ. ಒಂದೆರಡು ಹಸುಗಳಿಂದ ಮನೆ ನಡೆಸುವ ಕುಟುಂಬಗಳು ಅವುಗಳನ್ನು ಸಾಕುತ್ತವೆ, ಅವುಗಳ ಜೊತೆ ಜನರಿಗಿರುವ ಭಾವಬಂಧ ಬೇರೆ. ರೋಗ ಮೂಲೆಮೂಲೆಯಲ್ಲೂ ನೆಲೆಯೂರಿರುವ ದೇಶದಲ್ಲಿ ಕೊಂದು ಮುಗಿಸುವುದೆಂಬುದೇ ಇಲ್ಲ. ಆದ್ದರಿಂದ ಕಿವಿಯೋಲೆ ಹಾಕಿ, ಆರು ತಿಂಗಳಿಗೊಮ್ಮೆ ಲಸಿಕೆ ಹಾಕುವ ರಾಷ್ಟ್ರೀಯ ಕಾರ್ಯಕ್ರಮ 2019ರಲ್ಲಿ ಆರಂಭವಾಯಿತು. ಇದಕ್ಕಿಂತ ದೊಡ್ಡ ಉದಾಹರಣೆ ದನಗಳ ದೊಡ್ಡರೋಗದ್ದು (ರಿಂಡರ್‌ಪೆಸ್ಟ್). ವಾರದೊಳಗೆ ಊರಿನ ಕೊಟ್ಟಿಗೆಗಳನ್ನೆಲ್ಲ ಬರಿದು ಮಾಡುತ್ತಿದ್ದ ಆ ರೋಗವನ್ನು ಯೂರೋಪ್ ಕೊಲ್ಲುವ ಮೂಲಕವೇ ಓಡಿಸಿತ್ತು. 1711ರ ಸುಮಾರಿಗೆ ಪೋಪರ ವೈದ್ಯ ಲಾನ್ಚೀಸಿ ಕೊಟ್ಟ ಸಲಹೆಯೂ ಅದೇ, 1866ರಲ್ಲಿ ಬ್ರಿಟನ್ ಮಾಡಿದ ಕಾನೂನೂ ಅದೇ. ಭಾರತ 1954ರಿಂದ ಊರೂರಿಗೆ ಲಸಿಕೆ ಒಯ್ದಿತು. 1995ರಲ್ಲಿ ನಮ್ಮ ದೇಶದ ಕೊನೆಯ ಪ್ರಕರಣ, 2006ರಲ್ಲಿ ರೋಗಮುಕ್ತಿಯ ಮಾನ್ಯತೆ, 2011ರಲ್ಲಿ ಇಡೀ ಜಗತ್ತಿನಿಂದಲೇ ಆ ರೋಗದ ನಿರ್ಮೂಲನ. ಐಸ್ ತುಂಬಿದ ಪೆಟ್ಟಿಗೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ತಿರುಗಿದ ಲಸಿಕೆದಾರರನ್ನು ನೆನೆದರೆ ನನಗೆ ಈಗಲೂ ಹೆಮ್ಮೆಯಾಗುತ್ತದೆ.

ಕೊಲ್ಲದಿರುವುದಕ್ಕೂ ಬೆಲೆಯಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2013ರಲ್ಲಿ ಕಾಲುಬಾಯಿ ರೋಗ ದಕ್ಷಿಣ ಕರ್ನಾಟಕದ ಜಿಲ್ಲೆಗಳಲ್ಲಿ ಹಬ್ಬಿ ಸಾವಿರಾರು ರಾಸುಗಳು ಸತ್ತವು. 2022ರಲ್ಲಿ ಚರ್ಮಗಂಟು ರೋಗ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ದನಗಳನ್ನು ಬಲಿ ತೆಗೆದುಕೊಂಡಿತು. ನಾವು ಮೇಕೆ ಸಿಡುಬಿನ ಲಸಿಕೆ ಹಾಕಿ ಅದನ್ನು ಎದುರಿಸಿದೆವು. 2025ರಲ್ಲಿ ಅದೇ ರೋಗ ಫ್ರಾನ್ಸ್‌ಗೆ ಬಂದಾಗ ಒಂದು ಹಸುವಿಗೆ ಬಂದರೂ ಇಡೀ ಹಿಂಡನ್ನು ಕೊಲ್ಲುವ ನಿಯಮ ಜಾರಿಯಾಯಿತು, ಡಿಸೆಂಬರ್‌ನಲ್ಲಿ ರೈತರು ಟ್ರ್ಯಾಕ್ಟರ್ ತಂದು ರಸ್ತೆ ತಡೆದರು. ಕಚ್ಚುವ ನೊಣ, ಸೊಳ್ಳೆಗಳಿಂದ ಹರಡುವ ಈ ರೋಗಕ್ಕೆ ಕೊಲೆಗಿಂತ ವ್ಯಾಪಕ ಲಸಿಕೆಯೇ ಮದ್ದು ಎಂಬುದು ಕೆಲವು ವರ್ಷಗಳ ಹಿಂದೆ ಬಾಲ್ಕನ್ ದೇಶಗಳಲ್ಲೇ ಸಾಬೀತಾಗಿತ್ತು. ಹಾಗಾಗಿ ಈ ರೋಗದ ವಿಷಯದಲ್ಲಿ ನಾನು ರೈತರ ಪರ. ಆಫ್ರಿಕನ್ ಹಂದಿ ಜ್ವರದ ವಿಷಯದಲ್ಲಿ ಹಾಗಲ್ಲ. ಅದು 2022ರಲ್ಲಿ ವಯನಾಡಿಗೆ ಬಂದಾಗ ಪಕ್ಕದ ಕೊಡಗಿನ ಹಂದಿ ಸಾಕಣೆದಾರರು ಹೆದರಿದ್ದು ಸಹಜ. ಬಂದ ಹಿಂಡು ಉಳಿಯುವುದಿಲ್ಲ, ನಂಬಿ ಹಾಕಬಹುದಾದ ಲಸಿಕೆ ನಮ್ಮಲ್ಲಿಲ್ಲ, ಮಾಂಸದಲ್ಲಿ ವೈರಸ್ ತಿಂಗಳುಗಟ್ಟಲೆ ಬದುಕುತ್ತದೆ. ಅಲ್ಲಿ ಬೇಗ ಕೊಲ್ಲುವುದೇ ದಾರಿ.

ಹಾಗಾದರೆ ಕೋಳಿಗೆ ಲಸಿಕೆ ಏಕಿಲ್ಲ? ಹಕ್ಕಿ ಜ್ವರಕ್ಕೆ ಲಸಿಕೆ ಇದೆ. ಚೀನಾ ವರ್ಷಗಳಿಂದ ಬಳಸುತ್ತಿದೆ. ಫ್ರಾನ್ಸ್ 2023ರ ಅಕ್ಟೋಬರ್‌ನಲ್ಲಿ ಬಾತುಗಳಿಗೆ ಹಾಕತೊಡಗಿತು; 2021-22ರ ಋತುವಿನಲ್ಲಿ 1,378 ಕಡೆ ಕಾಣಿಸಿಕೊಂಡಿದ್ದ ರೋಗ 2023-24ರಲ್ಲಿ 10 ಕಡೆಗೆ ಇಳಿಯಿತು. ಭಾರತ ಎಚ್5 ತಳಿಗಳ ವಿರುದ್ಧ ಕೋಳಿಗಳಿಗೆ ಲಸಿಕೆ ಹಾಕುವ ನೀತಿಗೆ ಹೋಗಿಲ್ಲ. ಅದಕ್ಕಿರುವ ಮುಖ್ಯ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಲಸಿಕೆ ಪಡೆದ ಕೋಳಿ ಸಾಯುವುದಿಲ್ಲ, ಆದರೆ ಸೋಂಕು ತಗುಲಿದರೆ ಅಲ್ಪ ಪ್ರಮಾಣದಲ್ಲಿ ವೈರಸ್ ಹೊರಹಾಕಬಹುದು. ಇಂದು ಕೋಳಿಗಳ ಸಾವೇ ನಮಗೆ ಎಚ್ಚರಿಕೆಯ ಗಂಟೆ. ಆ ಗಂಟೆ ಮೊಳಗದಿದ್ದರೆ ವೈರಸ್ ಸದ್ದಿಲ್ಲದೆ ಸುತ್ತುತ್ತಾ ರೂಪ ಬದಲಿಸಬಹುದು. ಲಸಿಕೆ ಹಾಕುವ ದೇಶ ಅದರ ಜೊತೆಗೆ ಸತತವಾಗಿ ಮಾದರಿ ತೆಗೆದು ಪರೀಕ್ಷಿಸುವ ವ್ಯವಸ್ಥೆ ಇಟ್ಟುಕೊಳ್ಳಲೇಬೇಕು. ಹಿತ್ತಲಿನ ಕೋಳಿಗಳಲ್ಲಿ ಅದು ಸದ್ಯಕ್ಕೆ ಆಗದ ಮಾತು. ವರ್ಷಕ್ಕೂ ಹೆಚ್ಚು ಕಾಲ ಬದುಕುವ ಮೊಟ್ಟೆಕೋಳಿಗಳ ದೊಡ್ಡ ಫಾರಂಗಳಲ್ಲಿ, ತಳಿ ಸಂರಕ್ಷಣಾ ಕೇಂದ್ರಗಳಲ್ಲಿ ಅದು ಸಾಧ್ಯ, ಅಲ್ಲಿಂದಲೇ ಆರಂಭಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. 2012ರಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಂಸ್ಥೆಯಲ್ಲಿ ಟರ್ಕಿ ಕೋಳಿಗಳಿಗೆ ಹಕ್ಕಿ ಜ್ವರ ಬಂದಿತ್ತು. ಅಂಥ ಕಡೆ ಹಿಂಡನ್ನು ಕೊಲ್ಲುವುದೆಂದರೆ ವರ್ಷಗಳ ತಳಿ ಅಭಿವೃದ್ಧಿಯ ಕೆಲಸವನ್ನೂ ಹೂಳಿದಂತೆ.

ನಿಮ್ಮ ಪ್ರಶ್ನೆಯನ್ನು ಇನ್ನೂ ಚುರುಕಾಗಿಸುವ ಸಂಗತಿಯೊಂದು ಅಮೆರಿಕದಲ್ಲಿ ನಡೆಯಿತು. 2024ರ ಮಾರ್ಚ್‌ನಲ್ಲಿ ಅಲ್ಲಿನ ಹಾಲಿನ ಹಸುಗಳಲ್ಲಿ ಇದೇ ಎಚ್5ಎನ್1 ಕಂಡುಬಂತು. ಕೋಳಿ ಶೆಡ್ಡಿಗೆ ಬಂದರೆ ಲಕ್ಷಗಟ್ಟಲೆ ಕೊಲ್ಲುವ ದೇಶ ಹಸುಗಳನ್ನು ಕೊಲ್ಲಲಿಲ್ಲ. ಬೇರ್ಪಡಿಸಿತು, ಹಾಲನ್ನು ಪರೀಕ್ಷಿಸಿತು. ಹಸು ಚೇತರಿಸಿಕೊಳ್ಳುತ್ತದೆ, ಕೋಳಿ ಚೇತರಿಸಿಕೊಳ್ಳುವುದಿಲ್ಲ ಎಂಬುದು ಇದಕ್ಕೆ ವೈಜ್ಞಾನಿಕ ಕಾರಣ, ಅದು ನಿಜವೂ ಹೌದು. ಹಸುವಿನ ಬೆಲೆ ಸಾವಿರಾರು ಡಾಲರ್, ಕೋಳಿಯದು ಕೆಲವೇ ಡಾಲರ್ ಎಂಬುದೂ ಅಷ್ಟೇ ನಿಜ. ಎರಡನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಕೊಲ್ಲುವುದು ಹೇಗೆ ಎಂಬುದೂ ನ್ಯಾಯದ ಭಾಗವೇ. ನಮ್ಮಲ್ಲಿ ತಂಡ ಸಾಮಾನ್ಯವಾಗಿ ಮುಂಜಾನೆ ಬರುತ್ತದೆ, ಕೋಳಿಗಳು ಗೂಡಿನಲ್ಲಿ ಸುಮ್ಮನಿರುವ ಹೊತ್ತು ನೋಡಿ. ತಲೆಯಿಂದ ಕಾಲಿನವರೆಗೆ ಬಿಳಿ ಕವಚ, ಕನ್ನಡಕ, ಎರಡು ಜೊತೆ ಕೈಗವಸು. ಒಬ್ಬರು ಹಿಡಿದು ಕೊಡುತ್ತಾರೆ, ಇನ್ನೊಬ್ಬರು ಕತ್ತನ್ನು ಎಳೆದು ತಿರುವುತ್ತಾರೆ. ಪಳಗಿದ ಕೈಯಾದರೆ ಕ್ಷಣದ ಕೆಲಸ, ಪಳಗದ ಕೈಯಾದರೆ ಹಿಂಸೆ. ಎರಡು ಮೀಟರ್ ಉದ್ದ, ಅಗಲ, ಆಳದ ಗುಂಡಿಯಲ್ಲಿ ಸುಮಾರು 1,800 ಕೋಳಿಗಳು ಹಿಡಿಸುತ್ತವೆ. ಪದರಕ್ಕೊಂದು ಸಲ ಸುಣ್ಣ ಚೆಲ್ಲಿ, ಮೇಲೆ ಮಣ್ಣು ಮುಚ್ಚುತ್ತಾರೆ. ಆಮೇಲೆ ಆ ಕೆಲಸಗಾರರು ಹಕ್ಕಿ ಜ್ವರ ತಡೆಯುವ ಮಾತ್ರೆ ನುಂಗಿ ಹತ್ತು ದಿನ ನಿಗಾದಲ್ಲಿರಬೇಕು. ಕವಚದೊಳಗೆ ಬೆವರು ಹರಿಯುತ್ತಿರುವಾಗ ನೂರಾರು ಕೋಳಿಗಳ ಕತ್ತು ಮುರಿದು ಬಂದು ಊಟದ ತಟ್ಟೆಯ ಮುಂದೆ ಕೂರಲಾಗದ ದಿನಗೂಲಿಯವರನ್ನು ನಾನು ಬಲ್ಲೆ. ಅವರ ಬಗ್ಗೆ ಯಾವ ವರದಿಯಲ್ಲೂ ಒಂದು ಸಾಲು ಇರುವುದಿಲ್ಲ. ಅಮೆರಿಕದ ದೊಡ್ಡ ಶೆಡ್ಡುಗಳಲ್ಲಿ ಗಾಳಿ ಬರುವ ದಾರಿ ಮುಚ್ಚಿ, ಶಾಖ ಏರಿಸಿ ಸಾಯಿಸುವ ಪದ್ಧತಿಯಿದೆ. ಕೋಳಿಗಳು ಗಂಟೆಗಟ್ಟಲೆ ಬೆಂದು ಸಾಯುತ್ತವೆ. ಅದನ್ನು ಯಾವ ತುರ್ತೂ ಸಮರ್ಥಿಸಲಾರದು. ಒಂದೇ ಸೂರಿನಡಿ ಮಾನವೀಯವಾಗಿ ಕೊಲ್ಲಲಾಗದಷ್ಟು ಕೋಳಿಗಳನ್ನು ತುಂಬಲು ಅನುಮತಿಯನ್ನೇ ಕೊಡಬಾರದು.

ಪರಿಹಾರದ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಸರ್ಕಾರ ಕೊಂದ ಕೋಳಿಗೆ ಪರಿಹಾರವಿದೆ, ರೋಗದಿಂದ ತಾನಾಗಿ ಸತ್ತ ಕೋಳಿಗೆ ಇಲ್ಲ. ಬೇಗ ವರದಿ ಮಾಡಿದವನಿಗೆ ಲಾಭವಾಗಲಿ ಎಂಬುದು ಇದರ ಉದ್ದೇಶ. ಆದರೆ ಹಣ ಮಾರುಕಟ್ಟೆಯ ಬೆಲೆಗಿಂತ ತೀರಾ ಕಡಿಮೆಯಿದ್ದರೆ, ತಿಂಗಳುಗಟ್ಟಲೆ ತಡವಾದರೆ, ರೈತ ಎರಡು ಕೋಳಿ ಸತ್ತ ಕೂಡಲೇ ಉಳಿದವನ್ನು ಸಂತೆಗೆ ಒಯ್ಯುತ್ತಾನೆ. ರೋಗ ಹರಡಲು ಅದಕ್ಕಿಂತ ಸುಲಭದ ದಾರಿ ಇಲ್ಲ. 2008ರಲ್ಲಿ ಪಶ್ಚಿಮ ಬಂಗಾಳದಲ್ಲಿ ಸುಮಾರು 40 ಲಕ್ಷ ಹಕ್ಕಿಗಳನ್ನು ಕೊಲ್ಲಬೇಕಾಗಿ ಬಂತು. ಹಳ್ಳಿಗರು ಕೋಳಿಗಳನ್ನು ಮನೆಯೊಳಗೆ ಬಚ್ಚಿಟ್ಟದ್ದು, ರಾತ್ರೋರಾತ್ರಿ ನೆಂಟರ ಊರಿಗೆ ಸಾಗಿಸಿದ್ದು ಆಗಿನ ಸುದ್ದಿಗಳಲ್ಲಿ ಬಂದಿತ್ತು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಕೇರಳ 2021ರಲ್ಲಿ ಕುಟ್ಟನಾಡಿನ ಬಾತುಗಳಿಗೆ ಎರಡು ತಿಂಗಳು ದಾಟಿದ್ದರೆ 200 ರೂಪಾಯಿ, ಚಿಕ್ಕವಾದರೆ 100 ರೂಪಾಯಿ ಎಂದು ಆರಂಭದಲ್ಲೇ ಘೋಷಿಸಿತು. ಹಣದ ಮೊತ್ತದಷ್ಟೇ ಮೊದಲೇ ತಿಳಿಸುವುದೂ ಮುಖ್ಯ. ಕೊಂದ ನಂತರ ಮತ್ತೆ ಕೋಳಿ ತರುವವರೆಗೆ ಶೆಡ್ಡು ಖಾಲಿ ಬಿದ್ದಿರುವ ತಿಂಗಳುಗಳಿಗೂ ಪರಿಹಾರ ಬೇಕು, ಅದು ಇಂದಿನವರೆಗೆ ಇಲ್ಲ. ಬ್ಯಾಂಕಿನ ಕಂತು ಮಾತ್ರ ಆ ತಿಂಗಳುಗಳಲ್ಲೂ ನಿಲ್ಲುವುದಿಲ್ಲ.

ನಿಮ್ಮ ಅತ್ತೆಯವರಿಗಾಗಿ ಈಗ ಮಾಡಬಹುದಾದದ್ದನ್ನು ಹೇಳುತ್ತೇನೆ. ಕೋಳಿಗಳನ್ನು ಕೊಂದ ದಿನ ತಂಡ ಮನೆವಾರು ಪಟ್ಟಿ ಬರೆದಿರುತ್ತದೆ. ತಾಲ್ಲೂಕಿನ ಪಶು ಆಸ್ಪತ್ರೆಗೆ ಹೋಗಿ ಆ ಪಟ್ಟಿಯಲ್ಲಿ ನಿಮ್ಮ ಹೆಸರು, ಕೋಳಿಗಳ ಸಂಖ್ಯೆ, ವಯಸ್ಸು ಸರಿಯಾಗಿವೆಯೇ ನೋಡಿ, ಪ್ರತಿ ಕೇಳಿ ಪಡೆಯಿರಿ. ಬ್ಯಾಂಕ್ ಖಾತೆಯ ಸಂಖ್ಯೆ ತಪ್ಪಾಗಿ ಹಣ ಹಿಂದಕ್ಕೆ ಹೋಗಿರುವುದೂ ಉಂಟು, ಅದನ್ನು ವಿಚಾರಿಸಿ. ಸಂಖ್ಯೆ ತಪ್ಪಿದ್ದರೆ ಪಂಚಾಯಿತಿ ಸದಸ್ಯರ ಅಥವಾ ನೆರೆಮನೆಯವರ ಸಾಕ್ಷಿಯೊಂದಿಗೆ ಲಿಖಿತವಾಗಿ ಪಶುಸಂಗೋಪನಾ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೆ ಅರ್ಜಿ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಇಲಾಖೆ ನಿಗಾ ಅವಧಿ ಮುಗಿಯಿತೆಂದು ತಿಳಿಸುವವರೆಗೆ ಹೊಸ ಮರಿ ತರಬೇಡಿ; ತರುವಾಗ ಸಂತೆಯಲ್ಲಿ ಕೊಳ್ಳದೆ ಗೊತ್ತಿರುವ, ಮೊಟ್ಟೆಯಿಂದ ಮರಿ ಮಾಡಿಸುವ ಕೇಂದ್ರದಿಂದ, ಗಿರಿರಾಜ ತಳಿಯೋ ಸ್ವರ್ಣಧಾರ ತಳಿಯೋ, ಒಂದೇ ಕಡೆಯಿಂದ ತನ್ನಿ. ಮುಂದೆ ಎಂದಾದರೂ ಎರಡು ಮೂರು ಕೋಳಿಗಳು ಒಟ್ಟಿಗೆ ಸತ್ತರೆ ಕೊಯ್ದು ನೋಡಬೇಡಿ, ತಿಪ್ಪೆಗೆ ಎಸೆಯಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಉಳಿದ ಕೋಳಿಗಳನ್ನು ಎಣಿಸಿ ದಿನಾಂಕ ಕಾಣುವಂತೆ ಫೋಟೋ ತೆಗೆದಿಟ್ಟು ಅದೇ ದಿನ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ತಂಡ ಬಂದರೆ ಎಣಿಕೆಯ ಹಾಳೆ ನಿಮ್ಮ ಕೈಸೇರುವವರೆಗೆ ಗೂಡಿನ ಪಕ್ಕದಿಂದ ಕದಲಬೇಡಿ.